ಹಳೇ ಬೀರು ತೆರೆದು ಕೊಟ್ಟರೆ ಸಾಲದು

ಪ್ರಶ್ನೆ: ತುಮಕೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕಿ ನಾನು. ನಮ್ಮಲ್ಲಿ ಎರಡು ಬೀರು ತುಂಬ ಹಳೇ ಸಾಮಾನಿದೆ. ಓಲೆಗರಿ ಕಟ್ಟು, ಕೈಬರಹದ ಲೆಕ್ಕದ ಪುಸ್ತಕ, ಕಾಗದ ಪತ್ರ, ನಾಟಕದ ಕರಪತ್ರ, ಹಳೇ ಶಾಸನ ಸಂಪುಟಗಳು. ಕಪ್ಪು ಬಟ್ಟೆಯ ದಪ್ಪ ಮಡಿಕೆ ಒಂದಿದೆ, ಅದು ಏನು ಅಂತಲೇ ಗೊತ್ತಿಲ್ಲ. ಕೆಲವು ಲೆಕ್ಕ ತೆಲುಗಿನಲ್ಲಿವೆ, ನನಗೆ ಓದಲು ಬರುವುದಿಲ್ಲ. ಎಂ.ಎ. ಮಕ್ಕಳು ಕಿರುಪ್ರಬಂಧಕ್ಕೆ ಅಂತ ಬಂದು 'ನಮ್ಮೂರ ಬಗ್ಗೆ ಏನಾದ್ರೂ ಇದೆಯಾ ಮೇಡಂ' ಎಂದು ಕೇಳುತ್ತಾರೆ. ನಾನು ಇತಿಹಾಸ ಓದಿದವಳಲ್ಲ. ಎಷ್ಟರ ಮಟ್ಟಿಗೆ ಸಹಾಯ ಮಾಡಬಹುದು? ಅವರ ಕೆಲಸ ನಾನೇ ಮಾಡಿಕೊಟ್ಟ ಹಾಗೆ ಆಗಬಾರದು, ಅಲ್ವಾ?

ಉತ್ತರ: ಎಲ್ಲಕ್ಕಿಂತ ಮೊದಲು ಆ ಕಪ್ಪು ಬಟ್ಟೆಯ ವಿಷಯ. ದಯವಿಟ್ಟು ಅದನ್ನು ಒರೆಸಬೇಡಿ. ಧೂಳು ಕೂತಿದೆ ಅನ್ನಿಸಿದರೂ ಒರೆಸಬೇಡಿ. ನೀವು ಹೇಳುವುದನ್ನು ನೋಡಿದರೆ ಅದು ಕಡತ ಇರಬೇಕು. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಬಟ್ಟೆ ಗಟ್ಟಿಯಾಗುತ್ತದೆ. ಅದನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಿಸಿ ಪುಸ್ತಕದ ಹಾಗೆ ಮಾಡಿ, ಬಳಪದಲ್ಲಿ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ಅಂಗಡಿ ಲೆಕ್ಕ, ಮಠದ ಲೆಕ್ಕ ಎಲ್ಲ ಇದರಲ್ಲೇ ನಡೆಯುತ್ತಿತ್ತು. ಸ್ಲೇಟಿನ ಹಾಗೆ ಅಳಿಸಿ ಮತ್ತೆ ಬರೆಯಬಹುದಿತ್ತು. ಅದೇ ಅದರ ಅನುಕೂಲ, ಅದೇ ಇವತ್ತಿನ ಅಪಾಯ. ಒದ್ದೆ ಬಟ್ಟೆ ಒಂದು ಸಲ ತಾಗಿದರೆ ಒಂದು ಊರಿನ ಲೆಕ್ಕವೇ ಹೋಗುತ್ತದೆ.

ಅದನ್ನು ದೊಡ್ಡ ಮೇಜಿನ ಮೇಲೆ ಇಡಿ. ಒಂದು ಸಲಕ್ಕೆ ಒಂದೇ ಮಡಿಕೆ ಬಿಡಿಸಿ, ಅಂಚಿನಲ್ಲಿ ಮಾತ್ರ ಹಿಡಿಯಿರಿ. ನೇರ ಬೆಳಕಿನಲ್ಲಿ ಏನೂ ಕಾಣದೇ ಇರಬಹುದು. ಟಾರ್ಚನ್ನು ಪಕ್ಕದಿಂದ, ಮೇಜಿನ ಮಟ್ಟಕ್ಕೆ ಹಿಡಿದು ನೋಡಿ. ಬೂದು ಬಣ್ಣದ ಗೆರೆಗಳು ಒಂದೊಂದಾಗಿ ಅಕ್ಷರವಾಗುತ್ತಾ ಬರುತ್ತವೆ. ನಾನು ಮೊದಲ ಸಲ ಅದನ್ನು ನೋಡಿದ ದಿನ ಮಧ್ಯಾಹ್ನದ ಊಟ ಮರೆತಿದ್ದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಆ ಬಟ್ಟೆಯ ಹೆಸರಿನಲ್ಲೇ ಅದಕ್ಕೆ ಉತ್ತರ ಇದೆ. ಇವತ್ತು 'ಕಡತ' ಅಂದರೆ ಸರ್ಕಾರಿ ಫೈಲು. ವಿದ್ಯಾರ್ಥಿ ಆ ಪದ ಹುಡುಕಿದರೆ ಕಡತ ವಿಲೇವಾರಿ, ಕಡತ ನಾಪತ್ತೆ ಅನ್ನುವ ಸುದ್ದಿಗಳು ಬರುತ್ತವೆ. ಈ ಕಪ್ಪು ಬಟ್ಟೆ ಬರುವುದಿಲ್ಲ. ಹಳೇ ಕಾಗದ ಒಂದು ಮಾತಾಡುತ್ತದೆ, ವಿದ್ಯಾರ್ಥಿ ಇನ್ನೊಂದು ಮಾತಾಡುತ್ತಾನೆ. ಇಬ್ಬರನ್ನೂ ಬಲ್ಲವರು ನಡುವೆ ಬೇಕು. ಅದು ನೀವು. ಅದಕ್ಕೆ ಇತಿಹಾಸದ ಪದವಿ ಬೇಕಾಗಿಲ್ಲ. ಬೀರುವಿನಲ್ಲಿ ಏನಿದೆ, ಅದು ಯಾವ ಹೆಸರಿನಲ್ಲಿ ಅಡಗಿ ಕೂತಿದೆ ಅನ್ನುವುದು ಗೊತ್ತಿದ್ದರೆ ಸಾಕು.

ಒಂದು ಉದಾಹರಣೆ ಕೊಡುತ್ತೇನೆ. ಗೌರಿಬಿದನೂರು ಕಡೆಯ ಒಬ್ಬ ಹುಡುಗಿ ನನ್ನ ಹತ್ತಿರ ಬಂದಿದ್ದಳು. ನಿಮ್ಮ ಮಕ್ಕಳ ಹಾಗೆಯೇ ಕೇಳಿದಳು, ನಮ್ಮೂರ ಬಗ್ಗೆ ಏನಾದರೂ ಇದೆಯಾ ಅಂತ. ಇದೆ ಅಥವಾ ಇಲ್ಲ ಅಂತ ಹೇಳಿ ಕಳಿಸಬಹುದಿತ್ತು. ಕೂರಿಸಿ ಮಾತಾಡಿಸಿದೆ. ಏನು ನೋಡಬೇಕು ಅಂತಿದ್ದೀಯ? ಕೆರೆ. ಕೆರೆಯ ಏನು? ಯಾರು ಕಟ್ಟಿಸಿದರು. ಅದು ಯಾಕೆ ಬೇಕು ನಿನಗೆ? ಅದಕ್ಕೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, ಅಜ್ಜನ ಕಾಲದಲ್ಲಿ ಹೂಳು ತೆಗೆಯೋಕೆ ಮನೆಗೊಬ್ಬರು ಹೋಗುತ್ತಿದ್ದರಂತೆ, ಈಗ ಯಾರೂ ಹೋಗಲ್ಲ, ಆ ಪದ್ಧತಿ ಯಾವಾಗ ನಿಂತಿತು ಅಂತ ತಿಳಿಯಬೇಕು. ಇದು ನಿಜವಾದ ಪ್ರಶ್ನೆ. ಇದು ಹೊರಗೆ ಬರಲು ಇಪ್ಪತ್ತು ನಿಮಿಷ ಬೇಕಾಯಿತು. ಯಾರು ಕಟ್ಟಿಸಿದರು ಅನ್ನುವುದಕ್ಕೆ ಶಾಸನ ನೋಡಬೇಕು. ಪದ್ಧತಿ ಯಾವಾಗ ನಿಂತಿತು ಅನ್ನುವುದಕ್ಕೆ ಶಾನುಭೋಗರ ಲೆಕ್ಕ, ಕಂದಾಯದ ಕಾಗದ, ಊರಿನ ಹಿರಿಯರ ಮಾತು ನೋಡಬೇಕು. ಆ ಇಪ್ಪತ್ತು ನಿಮಿಷ ಕೊಡದಿದ್ದರೆ ಅವಳು ಆರು ತಿಂಗಳು ತಪ್ಪು ಬೀರುವಿನಲ್ಲಿ ತಡಕಾಡುತ್ತಿದ್ದಳು.

ಗ್ರಂಥಾಲಯ ವಿಜ್ಞಾನದ ರಂಗನಾಥನ್ ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುವುದು. ನಾವೆಲ್ಲ ಅದನ್ನು ಬಾಯಿಪಾಠ ಮಾಡಿದವರೇ. ಹಳೇ ಕಾಗದದ ವಿಭಾಗದಲ್ಲಿ ಸಮಯ ಉಳಿಯುವುದು ಪುಸ್ತಕ ಬೇಗ ತಂದುಕೊಡುವುದರಿಂದ ಅಲ್ಲ, ಮೊದಲ ದಿನ ನಿಧಾನವಾಗಿ ಮಾತಾಡಿಸುವುದರಿಂದ.

ಆ ಹುಡುಗಿಗೆ ಮುಂದೆ ಏನಾಯಿತು ಹೇಳುತ್ತೇನೆ, ಯಾಕೆಂದರೆ ಇದೇ ಸಂಪುಟಗಳು ನಿಮ್ಮಲ್ಲೂ ಇವೆ ಅಂದಿದ್ದೀರಿ. ಬಿ. ಎಲ್. ರೈಸ್ ಜಿಲ್ಲಾವಾರು ಹೊರತಂದ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ತುಮಕೂರು ಜಿಲ್ಲೆಯ ಶಾಸನಗಳು 12ನೇ ಸಂಪುಟ, 1904ರದ್ದು. ಕೋಲಾರ 10ನೇ ಸಂಪುಟ, 1905. ಅವಳು ಚಿಕ್ಕಬಳ್ಳಾಪುರ ಜಿಲ್ಲೆಯ ಸಂಪುಟ ಎಲ್ಲಿ ಅಂತ ಹುಡುಕುತ್ತಿದ್ದಳು. ಅಂಥ ಸಂಪುಟ ಇರಲು ಸಾಧ್ಯವಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ರೈಸ್ ಕಾಲದಲ್ಲಿ ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿ ಎಲ್ಲ ಕೋಲಾರದೊಳಗೆ. ಬಂಗಾರಪೇಟೆ ಹುಡುಕಿದರೂ ಸಿಗುವುದಿಲ್ಲ, ಆಗ ಅದು ಬೌರಿಂಗ್‌ಪೇಟೆ. ಮಧುಗಿರಿ ಮದ್ದಗಿರಿ. ಗಣಕಯಂತ್ರದಲ್ಲಿ ತುಮಕೂರು ಅಂತ ಹುಡುಕುವವನಿಗೆ ತುಮ್ಕೂರ್ ಎಂದು ದಾಖಲಾದದ್ದು ಕಾಣುವುದಿಲ್ಲ. ಹಿಂದಕ್ಕೆ ಹೋದಷ್ಟೂ ಹೆಸರು ಇನ್ನೂ ದೂರ. ಕೋಲಾರ ಗಂಗರ ಶಾಸನದಲ್ಲಿ ಕುವಳಾಲ. ಚೋಳರು ಬಂದ ಮೇಲೆ ಆ ಸೀಮೆ ನಿಗರಿಲಿ ಚೋಳಮಂಡಲ. ಬೇತಮಂಗಲ ವಿಜಯಾದಿತ್ಯಮಂಗಲ.

ಕೆರೆ ಅನ್ನುವ ಪದಕ್ಕೂ ಇದೇ ಪಾಡು. ಅವಳು ಬರೀ 'ಕೆರೆ' ಹುಡುಕಿದಳು. ಶಾಸನದಲ್ಲಿ ತಟಾಕ ಅಂತ ಇರಬಹುದು, ಸಮುದ್ರ ಅಂತ ಇರಬಹುದು. ಕೋಲಾರದ ಕಡೆ ತಮಿಳು ಶಾಸನ ಜಾಸ್ತಿ, ಕೋಲಾರಮ್ಮನ ಗುಡಿಯಲ್ಲೇ ಇವೆ. ಅಲ್ಲಿ ಏರಿ ಎಂದರೆ ಕೆರೆ. ನಮಗೆ ಏರಿ ಎಂದರೆ ಕೆರೆಯ ಕಟ್ಟೆ. ಒಂದೇ ಪದ, ಅರ್ಥ ಬೇರೆ. ಇಂಗ್ಲಿಷ್ ವರದಿಯಲ್ಲಿ ಟ್ಯಾಂಕ್. ಇನ್ನು ಕೆರೆ ಕಟ್ಟಿಸಿದವರಿಗೂ ದುರಸ್ತಿ ಮಾಡಿದವರಿಗೂ ಕೊಟ್ಟ ಭೂಮಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎನ್ನುವ ಹೆಸರುಗಳು. ಈ ಎರಡು ಪದ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ, ಅಷ್ಟೇ. ಸಂಜೆಯೊಳಗೆ ಅವಳ ಪುಸ್ತಕದಲ್ಲಿ ಎರಡು ಪುಟ ಟಿಪ್ಪಣಿ ಇತ್ತು. ಯಾವ ಶಾಸನ ಮುಖ್ಯ, ಅದರಿಂದ ಏನು ತಿಳಿಯುತ್ತದೆ ಅನ್ನುವುದು ಅವಳ ಕೆಲಸ. ಅದನ್ನು ನಾನು ಮಾಡಲಿಲ್ಲ. ನೀವು ಕೇಳಿದ ಗೆರೆ ಇಲ್ಲೇ ಇದೆ. ಪದ ಕೊಡಿ, ದಾರಿ ತೋರಿಸಿ, ಓದುವುದನ್ನು ಕಲಿಸಿ. ಅರ್ಥ ಕಟ್ಟುವುದನ್ನು ಮಾತ್ರ ಅವರಿಗೆ ಬಿಡಿ.

ಅದಕ್ಕೇ ನಿಮಗೆ ನನ್ನ ಮೊದಲ ಸಲಹೆ, ಒಂದು ದಪ್ಪ ನೋಟ್‌ಬುಕ್ ತೆಗೆದುಕೊಂಡು ಪದಗಳ ಪಟ್ಟಿ ಶುರು ಮಾಡಿ. ಎಡಗಡೆ ಮಕ್ಕಳು ಕೇಳುವ ಪದ, ಬಲಗಡೆ ಕಾಗದದಲ್ಲಿರುವ ಪದ. ಊರಿನ ಹಳೇ ಹೆಸರು, ತೆರಿಗೆಯ ಹೆಸರು, ಅಳತೆ. ಅಳತೆಯಲ್ಲಿ ಮಕ್ಕಳು ಎಡವುವುದು ಜಾಸ್ತಿ. 'ಎರಡು ಖಂಡುಗ ಗದ್ದೆ' ಅಂತ ಕಂಡರೆ ಅವರಿಗೆ ಗೊಂದಲ. ಖಂಡುಗ ಧಾನ್ಯದ ಅಳತೆ, ಇಪ್ಪತ್ತು ಕೊಳಗ. ಆದರೆ ಅಷ್ಟು ಬೀಜ ಬಿತ್ತುವ ನೆಲಕ್ಕೂ ಅದೇ ಹೆಸರು. ಕೊಳಗದ ಗಾತ್ರವೂ ಸೀಮೆಯಿಂದ ಸೀಮೆಗೆ ಬೇರೆ, ಹಾಗಾಗಿ ಎಕರೆಗೆ ತಿರುಗಿಸಲು ಅವಸರ ಮಾಡಬಾರದು ಅಂತ ಹೇಳಿ. ಹಾಗ ಅಂದರೆ 'ಹಣ' ಅನ್ನುವ ಹಳೇ ನಾಣ್ಯದ ಕಾಲು ಭಾಗ, ವೀಸ ಅಂದರೆ ಹದಿನಾರನೇ ಒಂದು ಪಾಲು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಬಿಡಿ.

ತಾರೀಕಿಗೂ ಇಂಥದ್ದೇ ಒಂದು ಹಾಳೆ ಬೇಕು. ಶಕ ವರ್ಷಕ್ಕೆ 78 ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕ ಸಿಗುತ್ತದೆ, ಇದು ಸುಲಭ. ಕಷ್ಟ ಇರುವುದು ಬರೀ ಸಂವತ್ಸರ ಬರೆದ ಕಾಗದದಲ್ಲಿ, ಯಾಕೆಂದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುತ್ತದೆ. ಪ್ಲವ ಸಂವತ್ಸರ ಅಂತ ಒಂದು ಮನೆ ಲೆಕ್ಕದ ಚೀಟಿಯಲ್ಲಿ ಇದೆ ಅನ್ನಿ. ಪ್ಲವ 1901ರಲ್ಲಿ ಬಂತು, 1961ರಲ್ಲಿ ಬಂತು, 2021ರಲ್ಲೂ ಬಂತು. ಯಾವುದು? ಆಗ ಒಳಗಿನ ಸುಳಿವು ಹುಡುಕಲು ಕಲಿಸಬೇಕು. ನಯಾ ಪೈಸೆ ಅಂತ ಎಲ್ಲಾದರೂ ಇದ್ದರೆ 1957ರ ಏಪ್ರಿಲ್ ನಂತರದ್ದು, ಅಂದರೆ 1961. ಬರೀ ಆಣೆ, ಪೈ ಇದ್ದರೆ ಹಿಂದಿನದು ಇರಬಹುದು, ಆದರೆ ಜನ ಆಣೆಯ ಲೆಕ್ಕ ಬಿಡಲು ತುಂಬ ವರ್ಷ ಹಿಡಿಯಿತು, ಹಾಗಾಗಿ ಇನ್ನೊಂದು ಸುಳಿವು ಬೇಕು. ಅಂಚೆಯ ಮುದ್ರೆ, ಕಾಗದದ ಜಾತಿ, ಪೆನ್ನೋ ಲೆಕ್ಕಣಿಕೆಯೋ. ನಿಮ್ಮ ನಾಟಕದ ಕರಪತ್ರಗಳಲ್ಲೂ ಹೀಗೇ. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ, ನಿಮ್ಮ ಜಿಲ್ಲೆಯಲ್ಲಿ ನಾಟಕದ ಕಾಗದ ಸಿಗುವುದರಲ್ಲಿ ಆಶ್ಚರ್ಯ ಇಲ್ಲ. ಎಷ್ಟೋ ಕರಪತ್ರದಲ್ಲಿ ವಾರ ಇರುತ್ತದೆ, ತಾರೀಕು ಇರುತ್ತದೆ, ವರ್ಷ ಇರುವುದಿಲ್ಲ. ವಾರಕ್ಕೂ ತಾರೀಕಿಗೂ ಹೊಂದುವ ವರ್ಷಗಳು ಕೆಲವೇ. ಟಿಕೆಟ್ ದರ ಮತ್ತು ಕೆಳತುದಿಯ ಪ್ರೆಸ್ಸಿನ ಹೆಸರು ಅದನ್ನು ಇನ್ನೂ ಕಡಿಮೆ ಮಾಡುತ್ತವೆ. ಇದನ್ನು ಒಂದು ತರಗತಿಗೆ ಆಟದ ಹಾಗೆ ಮಾಡಿಸಿ ನೋಡಿ. ಆರು ಕರಪತ್ರ, ಆರು ಗುಂಪು, ಒಂದು ಗಂಟೆ. ಉಪನ್ಯಾಸಕರನ್ನು ನೀವೇ ಹೋಗಿ ಕರೆಯಿರಿ. ಅವರಾಗಿ ಬರುತ್ತಾರೆ ಅಂತ ಕಾಯಬೇಡಿ.

ಈಗ ನಾನು ಮಾಡಿದ ಒಂದು ತಪ್ಪು ಹೇಳಬೇಕು. ನೀವು ಅದನ್ನು ಮಾಡಬಾರದು ಅಂತ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆತನದವರು ಟ್ರಂಕು ತುಂಬ ಕಾಗದ ತಂದುಕೊಟ್ಟರು. ಒಳಗೆ ದಾರ ಕಟ್ಟಿದ ಸಣ್ಣ ಸಣ್ಣ ಕಟ್ಟುಗಳು. ಒಂದರಲ್ಲಿ ಪತ್ರ, ರಸೀದಿ, ಜಾತಕ ಎಲ್ಲ ಕಲಸುಮೇಲೋಗರ. ಅಚ್ಚುಕಟ್ಟು ಮಾಡೋಣ ಅಂತ ದಾರ ಬಿಚ್ಚಿ ಪತ್ರವೆಲ್ಲ ಒಂದು ಕಡೆ, ರಸೀದಿಯೆಲ್ಲ ಒಂದು ಕಡೆ ಮಾಡಿದೆ. ಎಂಟು ವರ್ಷದ ಮೇಲೆ ಒಬ್ಬ ವಿದ್ಯಾರ್ಥಿ ಬಂದು, ಈ ಸಾಲದ ಪತ್ರಕ್ಕೆ ಸಂಬಂಧಪಟ್ಟ ರಸೀದಿ ಯಾವುದು ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮನೆಯವರು ಒಂದೊಂದು ವ್ಯವಹಾರವನ್ನು ಒಂದೊಂದು ಕಟ್ಟು ಮಾಡಿಟ್ಟಿದ್ದರು. ಆ ದಾರವೇ ದಾಖಲೆಯಾಗಿತ್ತು. ಬಿಚ್ಚಿದವನು ನಾನು. ಅದನ್ನು ಮತ್ತೆ ಕಟ್ಟಲು ಆಗಲೇ ಇಲ್ಲ. ಆ ಹುಡುಗನ ಮುಖ ಇವತ್ತಿಗೂ ಕಣ್ಣ ಮುಂದಿದೆ. ನಿಮ್ಮ ಬೀರುವಿನಲ್ಲಿ ಯಾವುದು ಯಾವುದರ ಜೊತೆ ಇದೆಯೋ ಹಾಗೇ ಇರಲಿ. ದಾರ ಕೊಳೆತಿದ್ದರೆ ಇಡೀ ಕಟ್ಟನ್ನು ಒಂದು ಲಕೋಟೆಗೆ ಹಾಕಿ, ಮೇಲೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆಯಿರಿ. ಬೀರು 1, ಅರೆ 2, ಕಟ್ಟು 5. ಇಷ್ಟೇ ಸಾಕು.

ಆ ಸಂಖ್ಯೆ ಇನ್ನೊಂದು ಕಡೆಯೂ ಬೇಕಾಗುತ್ತದೆ. ಈಗ ಎಲ್ಲರ ಕೈಯಲ್ಲೂ ಫೋನ್ ಇದೆ, ಅರ್ಧ ಗಂಟೆಯಲ್ಲಿ ಇನ್ನೂರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಮನೆಗೆ ಹೋದ ಮೇಲೆ ಯಾವುದು ಯಾವ ಕಟ್ಟಿನದು ಅಂತ ಗೊತ್ತಾಗುವುದಿಲ್ಲ. ಪ್ರಬಂಧದಲ್ಲಿ 'ಕಾಲೇಜಿನ ಹಳೆಯ ದಾಖಲೆ' ಅಂತ ಬರೆದುಬಿಡುತ್ತಾರೆ. ಅದನ್ನು ಓದಿದ ಇನ್ನೊಬ್ಬ ಬಂದು ಕೇಳಿದರೆ ನೀವು ಏನು ತೋರಿಸುತ್ತೀರಿ? ಆದ್ದರಿಂದ ಮೊದಲ ಫೋಟೊ ಲಕೋಟೆಯ ಮೇಲಿನ ಸಂಖ್ಯೆಯದ್ದೇ ಆಗಿರಬೇಕು ಅಂತ ಹಟ ಹಿಡಿಯಿರಿ. ಫ್ಲಾಶ್ ಬೇಡ. ಅಡಿಟಿಪ್ಪಣಿಯಲ್ಲಿ ಹೇಗೆ ಬರೆಯಬೇಕು ಅನ್ನುವ ಒಂದು ಸಾಲನ್ನೂ ಚೀಟಿ ಮಾಡಿ ಕೊಟ್ಟುಬಿಡಿ.

ಮುಟ್ಟುವ ರೀತಿ ಹೆಚ್ಚು ಹೇಳಬೇಕಾಗಿಲ್ಲ. ಕೈ ತೊಳೆದು ಚೆನ್ನಾಗಿ ಒಣಗಿಸಿಕೊಂಡರೆ ಕಾಗದಕ್ಕೆ ಅದೇ ಒಳ್ಳೆಯದು. ಬಟ್ಟೆಯ ಕೈಗವಸು ಹಾಕಿದರೆ ಬೆರಳಿಗೆ ಅಂಚು ತಿಳಿಯದೆ ಹಾಳೆ ಹರಿಯುತ್ತದೆ. ಹಳೇ ಫೋಟೊಗಳನ್ನು ಮುಟ್ಟಲು ಮಾತ್ರ ಕೈಗವಸು ಬೇಕು. ಪೆನ್ನು ಬೇಡ, ಪೆನ್ಸಿಲ್ ಇರಲಿ. ಓಲೆಗರಿಯನ್ನು ಮಡಚಬಾರದು, ದಾರ ಎಳೆಯಬಾರದು, ಅಕ್ಷರ ಕಾಣಲಿ ಅಂತ ಯಾವ ಎಣ್ಣೆಯನ್ನೂ ತಾವಾಗಿ ಹಚ್ಚಬಾರದು.

ಇನ್ನೊಂದು ವಿಷಯ ಸೂಕ್ಷ್ಮ. ಹಳೇ ಗೆಜೆಟಿಯರ್, ಜನಗಣತಿ, ಮನೆತನದ ಲೆಕ್ಕ, ಎಲ್ಲದರಲ್ಲೂ ಜಾತಿಗಳ ಬಗ್ಗೆ ಕೀಳಾದ ಮಾತುಗಳಿವೆ. ನಿಮ್ಮ ಮುಂದೆ ಕೂತ ಹುಡುಗ ತನ್ನ ತಾತನ ಊರನ್ನು ಹುಡುಕುತ್ತಾ ಹೋಗಿ ತನ್ನ ಜನರನ್ನು ಬೈಗುಳದ ಹೆಸರಿನಲ್ಲಿ ಕರೆದದ್ದನ್ನು ಓದಬೇಕಾಗಬಹುದು. ಅದೂ ತುಂಬಿದ ಓದುವ ಕೋಣೆಯಲ್ಲಿ. ನಾನು ಇದನ್ನು ಎಷ್ಟೋ ವರ್ಷ ಗಮನಿಸಿಯೇ ಇರಲಿಲ್ಲ. ಈಗ ಪುಸ್ತಕ ಕೊಡುವ ಮೊದಲೇ ಹೇಳುತ್ತೇನೆ, ಇದರಲ್ಲಿ ಇಂಥ ಮಾತುಗಳಿವೆ, ಬೇಕಾದರೆ ಒಳಗಿನ ಮೇಜಿನಲ್ಲಿ ಕೂತು ಓದು ಅಂತ. ಆ ಪುಟ ಬಚ್ಚಿಡಬಾರದು. ಅದು ಸಾಕ್ಷಿ. ಆದರೆ ಒಬ್ಬಂಟಿಯಾಗಿ ಅದರ ಮುಂದೆ ಕೂರಿಸಲೂ ಬಾರದು. ಪಟ್ಟಿ ಮಾಡುವಾಗಲೂ ಆ ಬೈಗುಳವನ್ನೇ ವಿಷಯದ ಹೆಸರು ಮಾಡಬೇಡಿ. ಮೂಲದಲ್ಲಿ ಹೀಗಿದೆ ಅಂತ ಗುರುತು ಹಾಕಿ, ವಿಷಯಕ್ಕೆ ಇವತ್ತಿನ ಗೌರವದ ಹೆಸರು ಕೊಡಿ.

ಹಾಗೆಯೇ ಎರಡು ಮೂಲ ಎರಡು ಥರ ಹೇಳಿದಾಗ ತೀರ್ಪು ಕೊಡುವ ಆಸೆ ಬರುತ್ತದೆ. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ಆಯಿತು. ಸತ್ತವರ ಸಂಖ್ಯೆ ಸರ್ಕಾರದ ಕಡೆಯ ಬರಹದಲ್ಲಿ ಒಂದು, ಚಳವಳಿಯವರ ಬರಹದಲ್ಲಿ ಇನ್ನೊಂದು. ವೇಪಾ ರಾಮೇಶಂ ಸಮಿತಿ ವಿಚಾರಣೆ ನಡೆಸಿತು. ಊರಿನವರ ನೆನಪು ಅದಕ್ಕಿಂತ ಬೇರೆ. ಯಾವುದು ಸರಿ ಸಾರ್ ಅಂತ ವಿದ್ಯಾರ್ಥಿ ಕೇಳಿದರೆ, ಎಲ್ಲವನ್ನೂ ಅಕ್ಕಪಕ್ಕ ಇಟ್ಟು, ಯಾರು ಬರೆದರು, ಯಾವಾಗ ಬರೆದರು, ಯಾರಿಗೆ ಬರೆದರು ಅಂತ ಕೇಳಿಸಿ. ಅಲ್ಲಿಗೆ ನಿಲ್ಲಿಸಿ.

ಹಕ್ಕಿನ ಬಗ್ಗೆ ಮಕ್ಕಳು ಕೇಳಿದರೆ ಇಷ್ಟು ಹೇಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಮುಳಬಾಗಿಲಿನ ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಹಾಗಾಗಿ ಅವರ ಬರಹ 2035ರ ಕೊನೆಯವರೆಗೆ ಹಕ್ಕಿನೊಳಗೆ. ಅಧ್ಯಯನಕ್ಕೆ ನಾಲ್ಕು ಸಾಲು ಉದ್ಧರಿಸಲು ತೊಂದರೆ ಇಲ್ಲ. ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಹಂಚುವುದು ಬೇರೆ ಮಾತು. ಖಾಸಗಿ ಪತ್ರ ನಿಮ್ಮ ಬೀರುವಿನಲ್ಲಿದ್ದರೂ ಬರೆದವರ ಹಕ್ಕು ಬರೆದವರದ್ದೇ.

ನಿಮ್ಮಲ್ಲಿ ಇಲ್ಲದ್ದು ಎಲ್ಲಿದೆ ಅಂತ ಹೇಳುವುದೂ ಸಹಾಯವೇ. ಸಂಸ್ಥಾನದ ಕಾಲದ ಸರ್ಕಾರಿ ಕಾಗದಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರ. ಶಾಸನ, ಹಳೇ ಪತ್ರಿಕೆಗಳಿಗೆ 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿ. ಓಲೆಗರಿಗೆ ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ. ಮೆಕೆಂಜಿ ಸಂಗ್ರಹದ ಕೈಫಿಯತ್ತುಗಳಿಗೆ, ಅಂದರೆ ಊರೂರಿನ ಚರಿತ್ರೆ ಬರೆಸಿ ಕೂಡಿಸಿದ ಕಾಗದಗಳಿಗೆ, ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯ. ತುಮಕೂರಿನಿಂದ ಬೆಳಿಗ್ಗೆ ರೈಲು ಹತ್ತಿ ಹೋಗಿ, ಗುರುತಿನ ಚೀಟಿ ಇಲ್ಲ, ವಿಭಾಗದ ಪತ್ರ ಇಲ್ಲ ಅಂತ ಖಾಲಿ ಕೈಯಲ್ಲಿ ವಾಪಸ್ ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಒಂದು ದಿನದ ಕೂಲಿ ಬಿಟ್ಟು ಹೋಗಿರುತ್ತಾರೆ ಕೆಲವರು. ಹೋಗುವ ಮೊದಲು ನೀವೇ ಫೋನ್ ಮಾಡಿ ಕೇಳಿ, ಯಾವ ದಿನ ತೆರೆದಿರುತ್ತದೆ, ಏನು ತರಬೇಕು ಅಂತ. ಸಾಧ್ಯವಾದರೆ ಅಲ್ಲಿನ ಗ್ರಂಥಪಾಲಕರ ಹೆಸರಿಗೆ ಒಂದು ಪತ್ರ ಬರೆದು ಕೊಡಿ.

ಕೊನೆಗೆ ಆ ತೆಲುಗು ಲೆಕ್ಕಗಳು. ಅದನ್ನು ಓದಲು ಬರುವುದಿಲ್ಲ ಅಂತ ಸಂಕೋಚದಿಂದ ಬರೆದಿದ್ದೀರಿ. ಪಾವಗಡದಿಂದ, ಬಾಗೇಪಲ್ಲಿಯಿಂದ ಬರುವ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅವರಲ್ಲಿ ಅಕ್ಷರ ಬಲ್ಲ ಒಬ್ಬನನ್ನು ಕರೆದು ನಿಮ್ಮ ಪಕ್ಕ ಕೂರಿಸಿ, ಮೊದಲ ಪುಟ ಓದಿಸಿ. ಹಳೇ ಕೈಬರಹ, ಅವನಿಗೂ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ತಿಳಿದಷ್ಟನ್ನು ನಿಮ್ಮ ದಾಖಲಾತಿ ಪುಸ್ತಕದಲ್ಲಿ ಬರೆಯಿರಿ. ಭಾಷೆ ತೆಲುಗು, ರಾಗಿ ಮತ್ತು ಎಣ್ಣೆಯ ಲೆಕ್ಕ, ಸಂವತ್ಸರ ಇಂಥದ್ದು, ಓದಿದವರು ಇಂಥವರು, ತಾರೀಕು. ಅವನ ಹೆಸರನ್ನು ಅವನ ಕೈಯಲ್ಲೇ ಬರೆಸಿ.